ಗಂಟೆಗೆ ದಾರ ಕಟ್ಟಿದ ಮನೆ

ನಮ್ಮ ಮನೆಯಲ್ಲಿ ಮೆತ್ತಗೆ ಮಾತಾಡುವವರು ಯಾರೂ ಇರಲಿಲ್ಲ. ಚಿಕ್ಕಲಸಂದ್ರದ ಆ ಪುಟ್ಟ ಮನೆಯಲ್ಲಿ ಅಡುಗೆಮನೆಯಲ್ಲಿ ನಿಂತು ಕೈ ಚಾಚಿದರೆ ಆಚೆಯ ಹಾಲ್‌ನ ಗೋಡೆ ಸಿಗುತ್ತಿತ್ತು. ಆದರೂ ಅಜ್ಜಿ ಊಟಕ್ಕೆ ಕೂಗಿದರೆ ಉತ್ತರಹಳ್ಳಿಯವರೂ ಎಲೆ ಮುಂದೆ ಬಂದು ಕೂರಬೇಕು, ಹಾಗೆ ಕೂಗುತ್ತಿದ್ದಳು. ಅಪ್ಪ ಫೋನಿನಲ್ಲಿ ಮಾತಾಡಿದರೆ ಎದುರುಮನೆಯವರಿಗೆ ನಮ್ಮ ಮನೆಯ ಸಮಾಚಾರವೆಲ್ಲ ತಿಳಿಯುತ್ತಿತ್ತು. ಅಮ್ಮ ಸ್ವಲ್ಪ ನಯದವಳು, ಆದರೆ ಟಿವಿಯಲ್ಲಿ ಧಾರಾವಾಹಿಯೋ ಕ್ರಿಕೆಟ್ಟೋ ಅನ್ನುವ ಜಗಳ ಶುರುವಾದರೆ ಅವಳೂ ಯಾರಿಗೂ ಕಮ್ಮಿಯಿರಲಿಲ್ಲ. ನಾನಂತೂ ಬಾಯಿಬಡುಕಿ. ಶಾಲೆಯಲ್ಲಿ ಪ್ರತಿ ಟೀಚರೂ ಅಮ್ಮನಿಗೆ ಹೇಳುತ್ತಿದ್ದ ದೂರು ಒಂದೇ: ಹುಡುಗಿ ಚೆನ್ನಾಗಿ ಓದುತ್ತಾಳೆ, ಆದರೆ ಬಾಯಿ ಮುಚ್ಚುವುದಿಲ್ಲ. ಅಜ್ಜಿ ನನಗೆ ರೇಡಿಯೋ ಎಂದೇ ಹೆಸರಿಟ್ಟಿದ್ದಳು. ಬಾಯಲ್ಲಿ ಅನ್ನ ಇಟ್ಟುಕೊಂಡೇ ಕಾಲೇಜಿನ ಕತೆ ಹೇಳುತ್ತಿದ್ದರೆ, "ರೇಡಿಯೋ ಆಫ್ ಮಾಡೇ, ಸಾರು ಆರಿ ಹೋಗತ್ತೆ" ಅನ್ನುತ್ತಿದ್ದಳು. ಈಗ ನಾನು ಬಿಳೇಕಹಳ್ಳಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹಾಜರಿ ಕರೆಯುವಾಗ ಕೈ ಎತ್ತಿದರೆ ನಾನು ಒಪ್ಪುವುದಿಲ್ಲ, ಬಾಯಿ ಬಿಟ್ಟು ಹೇಳಬೇಕು. ಮಕ್ಕಳು ನನ್ನನ್ನು ಅರೆಹುಚ್ಚಿ ಎಂದುಕೊಂಡಿದ್ದರೂ ಇರಬಹುದು. ಅಂದುಕೊಳ್ಳಲಿ ಬಿಡಿ.

ಆ ಮನೆಯಲ್ಲಿ ಗಲಾಟೆ ಇಲ್ಲದ ಜಾಗ ಒಂದೇ, ದೇವರ ಮನೆ. ಹಾಲಿನ ಪಕ್ಕಕ್ಕೆ ಒಂದು ಗೂಡಿನಂಥ ಕೋಣೆ. ಕಿಟಕಿ ಇಲ್ಲ, ಮೇಲೆ ಗಾಳಿಗೆಂದು ಬಿಟ್ಟ ಸಣ್ಣ ಜಾಲರಿ ಮಾತ್ರ. ಕಪ್ಪು ಕಲ್ಲಿನ ಕಟ್ಟೆಯ ಮೇಲೆ ದೇವರುಗಳು, ಗೋಡೆಗೆ ಪಟಗಳು, ದೀಪದ ಹೊಗೆ ಹತ್ತಿ ಹತ್ತಿ ಕಟ್ಟೆಯ ಮೇಲಿನ ಗೋಡೆ ಮಸಿಯಾಗಿತ್ತು. ಬಾಗಿಲು ತೇಗದ್ದು, ಅದರ ಚೌಕಟ್ಟುಗಳಲ್ಲಿ ಸಾಲಾಗಿ ಹಿತ್ತಾಳೆಯ ಪುಟ್ಟ ಗಂಟೆಗಳು ತೂಗುತ್ತಿದ್ದವು. ತೆಗೆದರೆ, ಮುಚ್ಚಿದರೆ ಘಲ್ಲೆನ್ನುತ್ತಿದ್ದವು. ಸ್ನಾನ ಮಾಡದೆ ಆ ಹೊಸ್ತಿಲು ದಾಟುವುದನ್ನು ಅಜ್ಜಿ ಯಾರಿಗೂ ಬಿಡುತ್ತಿರಲಿಲ್ಲ. ತಾತ ತೀರಿಕೊಂಡ ಮೇಲೆ ಆ ಕೋಣೆ ಪೂರ್ತಿ ಅವಳದೇ. ಬೆಳಿಗ್ಗೆ ಮಡಿಯಲ್ಲಿ ಒಳಗೆ ಹೋಗಿ, ಪಂಚಾಂಗ ನೋಡಿ, ಇವತ್ತು ಯಾವ ತಿಥಿ ಯಾವ ವಾರ ಯಾವ ನಕ್ಷತ್ರ ಎಂದು ದೇವರಿಗೆ ಕೇಳುವ ಹಾಗೆ ಜೋರಾಗಿ ಓದಿ ಹೇಳುತ್ತಿದ್ದಳು. ದೇವರಿಗೆ ಅದು ಗೊತ್ತಿಲ್ಲವೇ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಗೊತ್ತಿರತ್ತೆ, ನಾವು ಮರೀಬಾರದಲ್ಲ" ಅಂದಿದ್ದಳು. ಆಮೇಲೆ ಗಂಟೆ ಬಾರಿಸಿ ಮಂಗಳಾರತಿ. ಆ ಗಂಟೆಯ ಸದ್ದಿಗೆ ನಾನು ಏಳುತ್ತಿದ್ದೆ, ಅಲಾರಂ ಇಟ್ಟ ನೆನಪೇ ಇಲ್ಲ.

ಕೊರೊನಾ ಬಂದಾಗ ನಾನು ಪಿಯುಸಿ ಹುಡುಗಿ. ರಸ್ತೆಯ ತುದಿಗೆ ಬೊಂಬು ಕಟ್ಟಿದರು. ಅಪ್ಪ ಜೆ.ಪಿ. ನಗರದ ಬ್ಯಾಂಕಿನಲ್ಲಿ ಗುಮಾಸ್ತ, ಅವನು ಹೋಗಲೇಬೇಕಿತ್ತು. ವಾಪಸು ಬಂದವನನ್ನು ಅಜ್ಜಿ ಗೇಟಿನಲ್ಲೇ ನಿಲ್ಲಿಸಿ, ಹಿಂದಿನ ಬಚ್ಚಲಿಗೆ ಸುತ್ತು ಹಾಕಿಸಿ, ಬಟ್ಟೆ ನೆನೆಸಿ, ಸ್ನಾನವಾದ ಮೇಲೆಯೇ ಒಳಗೆ ಬಿಡುತ್ತಿದ್ದಳು. "ನಮ್ಮ ಮಡೀನ ನೋಡಿ ನಗ್ತಿದ್ರಲ್ಲ, ಈಗ ಊರಿಗೆ ಊರೇ ಮಾಡ್ತಾ ಇದೆ" ಎಂದು ಒಳಗೊಳಗೇ ಬೀಗುತ್ತಿದ್ದಳು. ಅಮ್ಮನ ಆಫೀಸು ಮಲಗುವ ಕೋಣೆಗೆ ಬಂತು. ನನ್ನ ಕಾಲೇಜು ಹಾಲಿಗೆ ಬಂತು. ಹಾಲಿನಲ್ಲಿ ಟಿವಿ, ತರಕಾರಿ ಗಾಡಿಯವನ ಕೂಗು, ಕುಕ್ಕರು, ಅಜ್ಜಿ. ಫಿಸಿಕ್ಸ್ ಮೇಷ್ಟ್ರು ಮಾತು ಮಾತಿಗೂ, "ಯಾರ ಮನೇಲಿ ಕುಕ್ಕರ್ ಕೂಗ್ತಾ ಇದೆ? ಮ್ಯೂಟ್ ಮಾಡ್ಕೊಳ್ಳಿ" ಅನ್ನುತ್ತಿದ್ದರು. ಒಂದು ಸಂಜೆ ಮನೆಯವರೆಲ್ಲ ಕೂತು ನನಗೆ ಜಾಗ ಎಲ್ಲಿ ಎಂದು ಚರ್ಚೆ ಮಾಡಿದರು. ಅಜ್ಜಿ ಬತ್ತಿ ಹೊಸೆಯುತ್ತಾ ಕೂತಿದ್ದವಳು ತಲೆ ಎತ್ತದೆ ಹೇಳಿದಳು.

"ದೇವರ ಮನೆ ಕೊಡ್ತೀನಿ."

"ಅಮ್ಮ, ದೇವರನ್ನೇ ಎಬ್ಬಿಸ್ತೀಯಾ?" ಅಂದ ಅಪ್ಪ.

"ದೇವರಿಗೇನು ಪರೀಕ್ಷೆ ಇದೆಯಾ? ಅಡುಗೆಮನೇಲಿ ಇರ್ತಾನೆ. ಬೆಚ್ಚಗೂ ಇರತ್ತೆ."

ಒಳ್ಳೆಯ ದಿನ ನೋಡಿ ಅಜ್ಜಿ ದೇವರುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿ ಕೂರಿಸಿದಳು. ಪಟ ತೆಗೆದ ಗೋಡೆಯ ಮೇಲೆ ಬಿಳಿ ಬಿಳಿ ಚೌಕಗಳು ಉಳಿದವು. ದೇವರಿದ್ದ ಕಟ್ಟೆಯ ಮೇಲೆ ನನ್ನ ಲ್ಯಾಪ್‌ಟಾಪು ಬಂತು, ಅದಕ್ಕೂ ಒಂದು ಬೊಟ್ಟು ಕುಂಕುಮ ಬಿತ್ತು. ಹೊಸ್ತಿಲಿಗೆ ರಂಗೋಲಿ ಎಳೆಯುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ನಾನು ದಿನಾ ಅರಿಶಿನ ಕುಂಕುಮ ದಾಟಿ ಕ್ಲಾಸಿಗೆ ಹೋಗುತ್ತಿದ್ದೆ. ನಗು ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಅಜ್ಜಿ ತನ್ನ ಜೀವವನ್ನೇ ಎತ್ತಿ ಕೊಟ್ಟ ಹಾಗೆ ಆ ಕೋಣೆ ಕೊಟ್ಟಿದ್ದಳು, ಅದು ನನಗೆ ಗೊತ್ತಿತ್ತು.

ಮೊದಲ ವಾರದಲ್ಲೇ ಒಂದು ದಿನ ಹಾಜರಿಯ ಹೊತ್ತಿಗೆ ಅಡುಗೆಮನೆಯಲ್ಲಿ ಮಂಗಳಾರತಿಯ ಗಂಟೆ ಮೊಳಗಿತು. ಮೇಷ್ಟ್ರು, "ಯಾರಮ್ಮ ಅದು ದೇವಸ್ಥಾನದಿಂದ ಜಾಯಿನ್ ಆಗಿರೋದು?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅದನ್ನು ಮೇಷ್ಟ್ರ ಧಾಟಿಯಲ್ಲೇ ಮನೆಯವರಿಗೆ ಹೇಳಿ ನಗಿಸಿದೆ. ಅಜ್ಜಿಯೂ ನಕ್ಕಳು. ಮಾರನೆಯ ದಿನ ನೋಡಿದರೆ ಪೂಜೆಯ ಗಂಟೆಯ ನಾಲಿಗೆಗೆ ದಾರ ಸುತ್ತಿತ್ತು. ದೇವರ ಮನೆಯ ಬಾಗಿಲಿನ ಗಂಟೆಗಳಿಗೂ ಒಂದೊಂದಕ್ಕೆ ಬಿಳಿ ದಾರ ಕಟ್ಟಿತ್ತು, ಬತ್ತಿಗೆಂದು ಇಟ್ಟ ಹತ್ತಿಯನ್ನು ಅಜ್ಜಿ ಒಳಗೆ ತುರುಕಿದ್ದಳು. ಯಾರೂ ಅವಳಿಗೆ ಹಾಗೆ ಮಾಡು ಎಂದಿರಲಿಲ್ಲ.

ಅಲ್ಲಿಂದ ಮನೆ ಮೌನವಾಯಿತು. ಅಮ್ಮ ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಬೇಳೆ ಬೇಯಿಸತೊಡಗಿದಳು. ಮಿಕ್ಸಿ ನನ್ನ ಕ್ಲಾಸು ಮುಗಿಯುವವರೆಗೆ ಕಾಯುತ್ತಿತ್ತು. ಅಜ್ಜಿ ಸದ್ದಿಲ್ಲದ ಟಿವಿಯ ಮುಂದೆ ಕೂತು ಧಾರಾವಾಹಿಯವರ ಬಾಯಿ ನೋಡಿಯೇ ಯಾರು ಯಾರನ್ನು ಬೈದರು ಎಂದು ಊಹೆ ಮಾಡುತ್ತಿದ್ದಳು. ಅಪ್ಪ ಫೋನು ಬಂದರೆ ಕಾಂಪೌಂಡಿಗೆ ಹೋಗುತ್ತಿದ್ದ. ಯಾರಾದರೂ ಕೆಮ್ಮಿದರೆ ಇನ್ನೊಬ್ಬರು "ಶ್ಶ್, ಮಗು ಓದ್ತಾ ಇದೆ" ಅನ್ನುತ್ತಿದ್ದರು. ನನ್ನ ಕಾಫಿ, ತಿಂಡಿ, ಊಟ ಎಲ್ಲ ಹೊಸ್ತಿಲಿಗೆ ಬರುತ್ತಿತ್ತು. ತಟ್ಟೆ ಇಟ್ಟು, ಮಾತಾಡದೆ, ಹಿಂದೆ ಸರಿದು ಹೋಗುತ್ತಿದ್ದರು, ಥೇಟ್ ನೈವೇದ್ಯ ಇಟ್ಟ ಹಾಗೆ.

ನನಗೆ ಯಾವಾಗ ಶುರುವಾಯಿತು ಎಂದು ಹೇಳಲಾರೆ. ಒಂದು ದಿನ ಮೇಷ್ಟ್ರು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ. ಮಾರನೆಯ ದಿನವೂ ಹಾಗೇ. ಪರದೆಯ ಮೇಲೆ ಕಪ್ಪು ಚೌಕಗಳು, ಚೌಕಗಳಲ್ಲಿ ಹೆಸರುಗಳು. ಮುಖವೇ ಇಲ್ಲ. ಹಾಜರಿಗೆ ಕೆಲವರು ಕೂಗುತ್ತಿದ್ದರು, ಕೆಲವರು ಟೈಪ್ ಮಾಡುತ್ತಿದ್ದರು. ನಾನು ಟೈಪ್ ಮಾಡಿ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಕಾಲು ಚಾಚಿದರೆ ಬಾಗಿಲಿಗೆ ತಾಗುತ್ತಿತ್ತು, ಅದಕ್ಕೆ ಮಡಚಿಕೊಂಡೇ ಇರುತ್ತಿದ್ದೆ. ದೀಪದ ಮಸಿಯನ್ನು ನೋಡುತ್ತಾ ನೋಡುತ್ತಾ ಬೆಳಿಗ್ಗೆ ಹೋಗಿ ಸಂಜೆಯಾಗುತ್ತಿತ್ತು. ಹಸಿವು ಸತ್ತೇ ಹೋಯಿತು. ತಟ್ಟೆಯಲ್ಲಿ ಬಿಟ್ಟದ್ದನ್ನು ನೋಡಿ ಅಮ್ಮ, "ಓದೋ ಮಕ್ಕಳು ಜಾಸ್ತಿ ತಿನ್ನಲ್ಲ ಬಿಡಿ" ಎಂದು ಅಜ್ಜಿಗೆ ಪಿಸುಗುಟ್ಟಿದ್ದು ಕೇಳಿಸಿತ್ತು. ಸ್ನಾನ ದಿನ ಬಿಟ್ಟು ದಿನವಾಯಿತು, ಆಮೇಲೆ ಅದೂ ಇಲ್ಲ. ಸ್ನಾನವಿಲ್ಲದೆ ದೇವರ ಮನೆಯಲ್ಲಿ ಮಲಗಿದ್ದೇನೆ ಎಂದು ಮೊದಮೊದಲು ಹೆದರಿಕೆಯಾಗುತ್ತಿತ್ತು. ಕ್ರಮೇಣ ಹೆದರಿಕೆಯೂ ಹೋಗಿ ಎದೆಯ ಮೇಲೆ ಒಂದು ಭಾರ ಮಾತ್ರ ಉಳಿಯಿತು. ಗೆಳತಿ ದೀಪ್ತಿ ಜಯನಗರದಿಂದ ಮೆಸೇಜ್ ಮಾಡುತ್ತಿದ್ದಳು, "ಏನೇ, ಸತ್ತಿದೀಯಾ ಬದುಕಿದೀಯಾ?" ಎಂದು. ಅವಳು ಯಾವತ್ತೂ ಹಾಗೇ ಕೇಳುವವಳು. ಉತ್ತರ ಬರೆಯಲು ಆಗದೆ ಫೋನನ್ನು ಬೋರಲು ಹಾಕುತ್ತಿದ್ದೆ.

ಹೇಳಬಾರದಿತ್ತೇ, ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಹೇಳುವುದು ಯಾರಿಗೆ? ಬಾಗಿಲಾಚೆ ಮನೆಗೆ ಮನೆಯೇ ಉಸಿರು ಹಿಡಿದುಕೊಂಡು ಕೂತಿತ್ತು. ನನಗೋಸ್ಕರ ದೇವರು ಅಕ್ಕಿ ಡಬ್ಬದ ಮೇಲೆ ಕೂತಿದ್ದ. ಗಂಟೆಯಿಲ್ಲದ ಮಂಗಳಾರತಿ ನಡೆಯುತ್ತಿತ್ತು. ಇಷ್ಟೆಲ್ಲ ಮಾಡಿದವರ ಮುಂದೆ ಹೋಗಿ, ನಾನು ಒಳಗೆ ಸುಮ್ಮನೆ ಮಲಗಿರುತ್ತೇನೆ ಎಂದು ಹೇಗೆ ಹೇಳಲಿ? ಒಂದು ಹಂತದಲ್ಲಿ, ನಾನು ಇಲ್ಲದೇ ಹೋದರೆ ಇವರೆಲ್ಲ ಮೊದಲಿನ ಹಾಗೆ ಜೋರಾಗಿ ಮಾತಾಡಿಕೊಂಡಿರಬಹುದಲ್ಲ ಅನ್ನಿಸತೊಡಗಿತು. ಅದೂ ಏನೋ ಒಳ್ಳೆಯ ಉಪಾಯ ಹೊಳೆದ ಹಾಗೆ ಅನ್ನಿಸುತ್ತಿತ್ತು. ಲಾಕ್‌ಡೌನಿನಲ್ಲಿ ಮಕ್ಕಳು ಹಾಯಾಗಿ ಮನೆಯಲ್ಲಿದ್ದರು, ಮಜಾ ಮಾಡಿದರು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಅವರಿಗೆ ಅವತ್ತು ಗ್ರಹಚಾರ ನೆಟ್ಟಗಿಲ್ಲ.

ಆಮೇಲೆ ಅಪ್ಪನಿಗೆ ಪಾಸಿಟಿವ್ ಬಂತು. ಪಾಲಿಕೆಯವರು ಗೇಟಿಗೆ ಚೀಟಿ ಅಂಟಿಸಿ ಹೋದರು. ಅಪ್ಪ ಮಲಗುವ ಕೋಣೆ ಸೇರಿದ, ಅಮ್ಮನ ಆಫೀಸು ಹಾಲಿಗೆ ಬಂತು. ನಾನು ರಾತ್ರಿಯೂ ದೇವರ ಮನೆಯಲ್ಲೇ, ಮೂಲೆಯಿಂದ ಮೂಲೆಗೆ ಚಾಪೆ ಹಾಸಿಕೊಂಡು ಮಲಗತೊಡಗಿದೆ. ಬಚ್ಚಲಿಗೆ ಹೋಗುವುದಿದ್ದರೆ ಯಾರೂ ಎದುರಿಗೆ ಸಿಗದ ಹೊತ್ತು ನೋಡಿ ಹೋಗಿ ಬರುತ್ತಿದ್ದೆ. ಈಗ ಮನೆಯಲ್ಲಿ ಮುಚ್ಚಿದ ಬಾಗಿಲು ಎರಡು, ಎರಡರ ಮುಂದೆಯೂ ತಟ್ಟೆ. ಅಪ್ಪನ ಬಾಗಿಲಿನ ಮುಂದೆ ಅಮ್ಮ ಗಳಿಗೆಗೊಮ್ಮೆ ನಿಂತು, "ಉಸಿರು ಸರಿಯಾಗಿದೆಯೇನ್ರೀ? ಬೆರಳಿಗೆ ಮಿಷಿನ್ ಹಾಕ್ಕೊಂಡ್ರಾ?" ಎಂದು ಕೇಳುತ್ತಿದ್ದಳು. ನನ್ನ ಬಾಗಿಲ ಮುಂದೆ ಬಂದರೆ ತುದಿಗಾಲಿನಲ್ಲಿ ನಡೆಯುತ್ತಿದ್ದಳು. ಗೋಡೆಯ ಆಚೆಯಿಂದ ಅಪ್ಪ ನನಗೆ ಫೋನು ಮಾಡುತ್ತಿದ್ದ. ಕೆಮ್ಮು ಗೋಡೆಯಲ್ಲೂ ಕೇಳುತ್ತಿತ್ತು, ಫೋನಿನಲ್ಲೂ ಕೇಳುತ್ತಿತ್ತು.

"ಏನ್ ಪುಟ್ಟಿ, ಪಾಠ ಎಲ್ಲಿಗೆ ಬಂತು?"

"ನಡೀತಾ ಇದೆ ಅಪ್ಪ."

"ನಿನ್ನ ನೆನೆಸ್ಕೊಂಡ್ರೆ ನಂಗೆ ಧೈರ್ಯ ಬರತ್ತೆ ಕಣೇ. ನಾಲ್ಕು ದಿನ ಒಂದು ರೂಮಲ್ಲಿ ಇರಕ್ಕೆ ನಾನು ಒದ್ದಾಡ್ತಾ ಇದೀನಿ. ನೀನು ಎಷ್ಟು ತಿಂಗಳಿಂದ ಕೂತು ಓದ್ತಾ ಇದೀಯ."

ನಾನು ಹೂಂ ಅಂದೆ. ಕಾಯಿಲೆಯ ಅಪ್ಪನಿಗೆ ಇದ್ದ ಧೈರ್ಯವೇ ನಾನಾದ ಮೇಲೆ ಬಾಯಿ ತೆಗೆಯುವ ಹಾಗೇ ಇರಲಿಲ್ಲ. ಇದ್ದ ಒಂದು ಸಂದೂ ಮುಚ್ಚಿಹೋಯಿತು.

ದೇವರು ದೊಡ್ಡವನು, ಅಪ್ಪ ಹುಷಾರಾದ. ಕೋಣೆಯಿಂದ ಹೊರಗೆ ಬಂದ ದಿನ ಮನೆಯಲ್ಲಿ ತಿಂಗಳುಗಟ್ಟಲೆ ಇಲ್ಲದ ಸದ್ದು. ಅಮ್ಮ ಅತ್ತಳು, ಅಜ್ಜಿ ಶಾವಿಗೆ ಪಾಯಸ ಮಾಡಿದಳು, ಅಪ್ಪ ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಸುಮ್ಮಸುಮ್ಮನೆ ನಗುತ್ತಿದ್ದ. ಜಾಲರಿಯಲ್ಲಿ ತುಪ್ಪದ ಪರಿಮಳ ಬಂತು. "ಪುಟ್ಟೀ, ಬಾರೇ" ಎಂದು ಅಪ್ಪ ಕರೆದ. ನಾನು ಎದ್ದು ನಿಂತೆ, ಚಿಲಕದ ಮೇಲೆ ಕೈ ಇಟ್ಟೆ. ಅಪ್ಪ ಬದುಕಿ ಬಂದಿದ್ದಾನೆ, ಒಂದು ಬಾಗಿಲು ಮಾತ್ರ ಅಡ್ಡ, ಆದರೂ ಕೈಗೆ ಚಿಲಕ ತೆಗೆಯುವುದು ಗೊತ್ತೇ ಇಲ್ಲದ ಹಾಗಾಯಿತು. ಹೊರಗೆ ಅಮ್ಮ, "ಕರೀಬೇಡಿ, ಅವಳಿಗೆ ಕ್ಲಾಸ್ ಇದೆ" ಅಂದಳು. ಪಾಯಸದ ಲೋಟ ಹೊಸ್ತಿಲಿಗೆ ಬಂತು. ಅಪ್ಪನ ಬಾಗಿಲು ತೆಗೆದುಕೊಂಡಿತು, ನನ್ನದು ತೆಗೆದುಕೊಳ್ಳಲಿಲ್ಲ. ಇನ್ನು ನಾನು ಹೊರಗೆ ಹೋಗುವುದಿಲ್ಲ ಎಂದು ಆ ಹೊತ್ತಿನಲ್ಲಿ ನನಗೆ ಖಾತ್ರಿಯಾಗಿಬಿಟ್ಟಿತು. ಚಾಪೆಯ ಮೇಲೆ ಕೂತು ಸದ್ದಾಗದ ಹಾಗೆ ಅತ್ತೆ.

ಆ ದಿನಗಳಲ್ಲಿ ಇವತ್ತು ಸೋಮವಾರವೋ ಗುರುವಾರವೋ ಯಾರಿಗೂ ತಿಳಿಯುತ್ತಿರಲಿಲ್ಲ, ಎಲ್ಲ ದಿನವೂ ಒಂದೇ. ಕ್ಲಾಸ್ ಇದೆ ಅಂದ ಅಮ್ಮನಿಗೂ ಅವತ್ತು ಹಾಗೇ ವಾರ ತಪ್ಪಿತ್ತು. ಬೆಳಿಗ್ಗೆ ಪಂಚಾಂಗ ನೋಡಿ ದೇವರಿಗೆ ವಾರ ಒಪ್ಪಿಸುತ್ತಿದ್ದ ಅಜ್ಜಿಗೆ ಮಾತ್ರ ತಪ್ಪಿರಲಿಲ್ಲ. ಮಾರನೆಯ ದಿನ ಬೆಳಕು ಹರಿದ ಮೇಲೆ ದೇವರ ಮನೆಯ ಬಾಗಿಲು ತಟ್ಟಿದಳು. ಚಿಲಕ ತೆಗೆಯುವವರೆಗೂ ತಟ್ಟುತ್ತಲೇ ಇದ್ದಳು. ಗಂಟೆಗಳು ದಾರದಲ್ಲಿ ಕುಣಿದವು, ಸದ್ದು ಬರಲಿಲ್ಲ. ಕೊನೆಗೆ ತೆಗೆದೆ. ಹಿಂದಿನ ದಿನದ ಸೀರೆ, ಬಿಚ್ಚಿದ ಕೂದಲು, ಹಾಗೇ ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಚಾಪೆಯ ಮೇಲೆ ಕೂತಳು.

"ಅಜ್ಜಿ, ನೀನು ಸ್ನಾನ ಮಾಡಿಲ್ಲ" ಅಂದೆ.

"ನೀನೂ ಮಾಡಿಲ್ಲ. ಕೂತ್ಕೋ." ನನ್ನ ಸಿಕ್ಕುಗಟ್ಟಿದ ತಲೆ ಮುಟ್ಟಿ ನೋಡಿದಳು. "ನಿನ್ನೆ ಭಾನುವಾರ ಕಣೇ. ಯಾವ ಮೇಷ್ಟ್ರು ಪಾಠ ಮಾಡಿದ್ರು?"

ನಾನು ಕೂತು ಚಾಪೆಯ ಅಂಚು ಕೀಳತೊಡಗಿದೆ.

"ರಾತ್ರಿಯೆಲ್ಲ ಅದೇ ಯೋಚನೆ. ದಿನಾ ನಾನು ಹೊರಗೆ ಬತ್ತಿ ಹೊಸೀತಾ ಕೂತಿರ್ತೀನಲ್ಲ, ಮೇಷ್ಟ್ರ ದನಿ ಕೇಳತ್ತೆ, ಬೇರೆ ಮಕ್ಕಳ ದನಿ ಕೇಳತ್ತೆ. ನಿಂದು ಒಂದು ದಿನಾನೂ ಕೇಳ್ಲಿಲ್ಲ. ಎಷ್ಟು ಶ್ರದ್ಧೆ ನಮ್ಮ ಹುಡುಗೀದು ಅಂದ್ಕೊಂಡೆ. ದಡ್ಡ ಮುಂಡೇದು ನಾನು."

"ಅಜ್ಜಿ, ನಂಗೆ ಆಗ್ತಾ ಇಲ್ಲ."

"ಏನು ಆಗ್ತಾ ಇಲ್ಲ?"

"ಓದಕ್ಕೆ ಆಗ್ತಾ ಇಲ್ಲ. ಹೊರಗೆ ಬರಕ್ಕೆ ಆಗ್ತಾ ಇಲ್ಲ. ಇರಕ್ಕೇ ಆಗ್ತಾ ಇಲ್ಲ."

ತಲೆಯ ಮೇಲಿದ್ದ ಕೈ ನಿಂತುಹೋಯಿತು. ಅಜ್ಜಿ ಬುದ್ಧಿ ಹೇಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಕೂತಲ್ಲಿಂದಲೇ, ಅಷ್ಟು ತಿಂಗಳು ಅದುಮಿಟ್ಟಿದ್ದ ಗಂಟಲನ್ನು ಪೂರ್ತಿ ಬಿಟ್ಟು ಅಪ್ಪನನ್ನು ಕೂಗಿದಳು. ಎದುರುಮನೆಯ ಕಿಟಕಿ ತೆಗೆದ ಸದ್ದು ನನಗೆ ಕೇಳಿಸಿತು. ಅಪ್ಪ ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ, ಹಿಂದೆ ಅಮ್ಮ.

"ನಮ್ಮ ರೇಡಿಯೋ ನಿಂತು ಹೋಗಿದೆ ಕಣೋ. ನಾವು ಯಾರೂ ನೋಡೇ ಇಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗು."

ಅಮ್ಮ ಹೆದರಿದಳು, ಹೆದರಿದ್ದಕ್ಕೇ ವಾದ ಮಾಡಿದಳು. "ಈಗ ಆಸ್ಪತ್ರೆಗೆ ಹೋದ್ರೆ ಅಲ್ಲೇ ಅಂಟ್ಕೊಳತ್ತೆ ಅತ್ತೆ. ಅದೂ ಆ ಥರ ಡಾಕ್ಟ್ರು ಅಂದ್ರೆ, ನಾಳೆ ಯಾರಾದ್ರೂ ಏನಾದ್ರೂ ಅಂತಾರೆ. ಪರೀಕ್ಷೆ ಒಂದು ಆಗ್ಲಿ."

"ಪರೀಕ್ಷೆ ಯಾರಮ್ಮ ಬರೀಬೇಕು? ಇವಳೇ ತಾನೆ? ಇವಳನ್ನ ಒಂದ್ಸಲ ಸರಿಯಾಗಿ ನೋಡು."

ಅಮ್ಮ ನೋಡಿದಳು. ತಟ್ಟೆ ಇಟ್ಟು ಸರಿದು ಹೋಗುತ್ತಿದ್ದವಳು ಎಷ್ಟೋ ದಿನಗಳ ಮೇಲೆ ನನ್ನ ಮುಖವನ್ನು ಎದುರಿಗೆ ನೋಡಿದ್ದು ಆಗಲೇ. ಹೋಗಿ ಬಚ್ಚಲಿನಲ್ಲಿ ನೀರು ಕಾಯಿಸಲು ಇಟ್ಟು ಬಂದು, ನನ್ನ ತಲೆಗೆ ಎಣ್ಣೆ ಹಚ್ಚಲು ಕೂತಳು. ಸಿಕ್ಕು ಬಿಡಿಸುವಾಗ ಅವಳ ಕಣ್ಣೀರು ನನ್ನ ಹೆಗಲಿಗೆ ಬೀಳುತ್ತಿತ್ತು.

ಜೆ.ಪಿ. ನಗರದ ಒಂದು ಕ್ಲಿನಿಕ್ಕಿನಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು, ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡು ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಕೂತಿದ್ದರು. ನನ್ನನ್ನು ಒಂಟಿಯಾಗಿ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿಸಿದರು. ಇರಕ್ಕೇ ಆಗ್ತಾ ಇಲ್ಲ ಅನ್ನುವುದನ್ನು ಸುತ್ತು ಬಳಸದೆ ನೇರವಾಗಿ ಕೇಳಿದರು, ನಾನೂ ನೇರವಾಗಿ ಹೇಳಿದೆ. ಹೇಳಿದ ಮೇಲೆ ಆಕಾಶ ಬೀಳಲಿಲ್ಲ. ಆಮೇಲೆ ಅಪ್ಪನನ್ನು ಒಳಗೆ ಕರೆದರು.

"ಮನೇಲಿ ಇವಳು ಯಾರ ಜೊತೆ ಮಾತಾಡ್ತಾಳೆ ಸಾರ್?"

ಅಪ್ಪ ನೆಟ್ಟಗೆ ಕೂತು ಹೇಳಿದ: "ಯಾರೂ ಮಾತಾಡ್ಸಲ್ಲ ಮೇಡಂ. ಓದಕ್ಕೆ ತೊಂದ್ರೆ ಆಗಬಾರದು ಅಂತ ನಾವು ಒಬ್ರೂ ಇವಳನ್ನ ಮಾತಾಡ್ಸಲ್ಲ."

ಹೇಳಿದ ಮೇಲೆ ತಾನೇ ಹೇಳಿದ್ದು ಅವನಿಗೆ ಕೇಳಿಸಿತು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅಷ್ಟೇ ಸಾಕಾಯಿತು. ಡಾಕ್ಟರು ಬಯ್ಯಲಿಲ್ಲ. ಇದು ಸೋಮಾರಿತನವಲ್ಲ, ಕಾಯಿಲೆ, ಔಷಧಿ ಇದೆ, ವಾಸಿಯಾಗತ್ತೆ, ಆದರೆ ಇವಳನ್ನು ಒಬ್ಬಳನ್ನೇ ಬಿಡಬೇಡಿ ಎಂದರು. ಮಾತ್ರೆ ಬರೆದು, ವಾರ ವಾರ ಬಂದು ಮಾತಾಡಿ ಹೋಗು ಅಂದರು. ಬರುವಾಗ ಅಪ್ಪ ಸ್ಕೂಟರ್ ಓಡಿಸುತ್ತಾ ದಾರಿಯುದ್ದಕ್ಕೂ ಜೋರಾಗಿ ಮಾತಾಡಿದ. ಖಾಲಿ ರಸ್ತೆ, ಮುಚ್ಚಿದ ಅಂಗಡಿ, ಕಂಡದ್ದನ್ನೆಲ್ಲ ನನಗೆ ಹೇಳುತ್ತಿದ್ದ. ಅವನು ನಿಲ್ಲಿಸಬಾರದು ಅನ್ನಿಸಿತ್ತು.

ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹುಡುಕಿಕೊಂಡು ದೇವರ ಮನೆಯ ಬಾಗಿಲ ಮುಂದೆ ಕೂತ. ಒಂದೊಂದು ಸ್ಕ್ರೂ ಬಿಚ್ಚಿದ ಮೇಲೂ ಉಸಿರು ಸಿಗದೆ ಗೋಡೆಗೆ ಒರಗುತ್ತಿದ್ದ. ಬಾಗಿಲು ನನ್ನ ಕೈಯಲ್ಲಿ ಹಿಡಿಸಿದ. ಎಷ್ಟೋ ತಿಂಗಳ ಮೇಲೆ ನಾನು ಮಾಡಿದ ಮೊದಲ ಕೆಲಸ ಅದು. ತೇಗದ ಬಾಗಿಲು ಭಾರವಿತ್ತು, ಇಬ್ಬರೂ ಸೇರಿ ಕಾಂಪೌಂಡಿಗೆ ಒರಗಿಸಿದೆವು. ಅಜ್ಜಿ ದೇವರುಗಳನ್ನು ವಾಪಸು ಕಟ್ಟೆಗೆ ತಂದು ಕೂರಿಸಿದಳು. ಈ ಸಲ ಒಳ್ಳೆಯ ದಿನ ನೋಡಲಿಲ್ಲ. ಇವತ್ತಿಗೂ ನಮ್ಮ ದೇವರ ಮನೆಗೆ ಬಾಗಿಲಿಲ್ಲ.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ನುಂಗಿ ತೂಕಡಿಸುತ್ತಿದ್ದೆ. ಹಾಲಿನ ಮೂಲೆಯಲ್ಲಿ ಗಲಾಟೆಯ ಮಧ್ಯೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೂ ಎಷ್ಟೋ ದಿನ ಪಾಠ ತಲೆಗೆ ಹೋಗಲಿಲ್ಲ. ಕೆಲವು ದಿನ ಬರೀ ಗೋಡೆ ಬೇಕು ಅನ್ನಿಸುತ್ತಿತ್ತು. ಆಗ ಅಮ್ಮ ಅವರೆಕಾಯಿ ತಂದು ಮುಂದೆ ಸುರಿಯುತ್ತಿದ್ದಳು, ಬಿಡಿಸು ಅನ್ನುತ್ತಲೂ ಇರಲಿಲ್ಲ, ತಾನು ಬಿಡಿಸುತ್ತಾ ಕೂರುತ್ತಿದ್ದಳು. ಅಜ್ಜಿ ಮಾತ್ರ ಪೂಜೆಯ ಗಂಟೆಯ ದಾರ ಬಿಚ್ಚಿದರೂ ನನ್ನ ಕ್ಲಾಸಿನ ಹೊತ್ತಿಗೆ ಬಾರಿಸುತ್ತಿರಲಿಲ್ಲ, ಅದೊಂದು ಅಭ್ಯಾಸ ಅವಳಿಗೆ ಕೂತುಬಿಟ್ಟಿತ್ತು.

ಒಂದು ದಿನ ಫಿಸಿಕ್ಸ್ ಮೇಷ್ಟ್ರು ಹಾಜರಿ ಕರೆಯುತ್ತಿದ್ದರು. ಏನೋ ಮರೆತವಳ ಹಾಗೆ ಅಜ್ಜಿ ಅದೇ ಹೊತ್ತಿಗೆ ಮಂಗಳಾರತಿ ಎತ್ತಿದಳು. ನನ್ನ ಹೆಸರು ಬಂತು. ಟೈಪ್ ಮಾಡಲು ಹೋದ ಬೆರಳು ಮೈಕು ಒತ್ತಿತು. "ಪ್ರೆಸೆಂಟ್ ಸಾರ್" ಅಂದೆ. ದನಿ ಒಡಕಾಗಿ ಬಂತು, ಯಾರದೋ ದನಿಯ ಹಾಗಿತ್ತು. ಹಿಂದೆಯೇ ಗಂಟೆ.

"ಯಾರ ಮನೇಲಿ ಅದು? ಮ್ಯೂಟ್ ಮಾಡ್ಕೊಳ್ಳಿ" ಅಂದರು ಮೇಷ್ಟ್ರು.

ಗಂಟೆ ತಟಕ್ಕನೆ ನಿಂತಿತು. ತಿರುಗಿ ನೋಡಿದೆ. ಬಾಗಿಲಿಲ್ಲದ ದೇವರ ಮನೆಯಲ್ಲಿ ಅಜ್ಜಿ ಒಂದು ಕೈಯಲ್ಲಿ ಆರತಿ ಹಿಡಿದು, ಇನ್ನೊಂದು ಕೈಯ ಬೆರಳಿನಲ್ಲಿ ಗಂಟೆಯ ನಾಲಿಗೆಯನ್ನು ಒತ್ತಿ ಹಿಡಿದುಕೊಂಡು, ತಪ್ಪು ಮಾಡಿದ ಹುಡುಗಿಯ ಹಾಗೆ ನನ್ನನ್ನೇ ನೋಡುತ್ತಿದ್ದಳು.

"ನಮ್ಮನೇದು ಸಾರ್," ಅಂದೆ. "ನಮ್ಮಜ್ಜಿ ಪೂಜೆ ಮಾಡ್ತಾ ಇದಾರೆ. ಸ್ವಲ್ಪ ಹೊತ್ತು ಇರತ್ತೆ."

ಮೈಕು ಆರಿಸಲಿಲ್ಲ. ಹಾಗೇ ತಿರುಗಿ, ಎದುರುಮನೆಗೂ ಕೇಳುವ ಹಾಗೆ ಕೂಗಿದೆ.

"ನಿಲ್ಲಿಸ್ಬೇಡ ಅಜ್ಜಿ, ಬಾರಿಸು."